ಕಳೆದುಹೋದ ಆರಡಿ

ಸಂತೇಬೆನ್ನೂರಿನಿಂದ ನಾಲ್ಕು ಮೈಲಿ ದೂರದ ಸಿದ್ಧನಕಟ್ಟೆಯಲ್ಲಿ ಕಳ್ಳತನ ಅಂದರೆ ಪಂಪ್‌ಸೆಟ್ಟಿನ ಕೇಬಲ್ಲು, ಒಣಗಲು ಹಾಕಿದ ಅಡಿಕೆ, ಹೆಚ್ಚೆಂದರೆ ಯಾರದೋ ಒಂದು ಕುರಿ. ರಸ್ತೆಯೇ ಕಳುವಾಗಿದೆ ಎಂದು ಕಂಡುಹಿಡಿದವರು ನಮ್ಮ ನಿವೃತ್ತ ಗಣಿತದ ಮೇಷ್ಟ್ರು ಪಂಚಾಕ್ಷರಪ್ಪ. ಕಂಡುಹಿಡಿದ ದಿನ ಅವರ ಮುಖದಲ್ಲಿದ್ದ ಸಂತೋಷ ನೋಡಿದ್ದರೆ ರಸ್ತೆ ಕಳುವಾಗಿದೆಯೋ ಸಿಕ್ಕಿದೆಯೋ ಎಂದು ಯಾರಿಗಾದರೂ ಅನುಮಾನ ಬರುತ್ತಿತ್ತು.

ಶುರುವಾಗಿದ್ದು ಬಸ್ಸಿನಿಂದ. ಬೆಳಿಗ್ಗೆ ಎಂಟೂಕಾಲಿಗೆ ಊರೊಳಗೆ ಬಂದು, ಆಂಜನೇಯನ ಗುಡಿ ಮುಂದೆ ತಿರುಗಿಸಿಕೊಂಡು ಚನ್ನಗಿರಿಗೆ ಹೋಗುತ್ತಿದ್ದ ಬಸ್ಸನ್ನು ಡ್ರೈವರ್ ಬೋರಣ್ಣ ಒಂದು ದಿನ ಊರಾಚೆಯ ಕ್ರಾಸಿನಲ್ಲೇ ನಿಲ್ಲಿಸಿಬಿಟ್ಟ. "ಎದುರಿಗೆ ಒಂದು ಟ್ರ್ಯಾಕ್ಟರ್ ಬಂದ್ರೆ ಸಾಕು, ಅರ್ಧ ಊರು ರಿವರ್ಸ್ ಹೊಡೀಬೇಕು. ಕತ್ತು ಹಿಡ್ಕೊಂಡೈತೆ. ರಸ್ತೆ ಅಗಲ ಮಾಡಿಸ್ರಿ, ಆಮೇಲೆ ಬರ್ತೀನಿ" ಎಂದ. ಮೇಷ್ಟ್ರ ಹೆಂಡತಿ ಕಸ್ತೂರಮ್ಮನಿಗೆ ಮಂಡಿನೋವು. ವಾರಕ್ಕೆರಡು ಸಲ ಚನ್ನಗಿರಿಗೆ ಹೋಗಿ ಮಂಡಿಗೆ ಶಾಖ ಕೊಡಿಸಿಕೊಂಡು ಬರಬೇಕು. ಕ್ರಾಸಿನ ತನಕ ಮುಕ್ಕಾಲು ಕಿಲೋಮೀಟರ್ ನಡೆದು ಹೋಗಿ, ಶಾಖ ಕೊಡಿಸಿಕೊಂಡು, ಮತ್ತೆ ಮುಕ್ಕಾಲು ಕಿಲೋಮೀಟರ್ ನಡೆದು ಬರುವಷ್ಟರಲ್ಲಿ ಮಂಡಿ ಮೊದಲಿದ್ದ ಹಾಗೇ ಆಗಿರುತ್ತಿತ್ತು.

ಮೇಷ್ಟ್ರು ಪೆನ್ನು ತೆಗೆದರು. ಮೂವತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ. ನಿವೃತ್ತಿಯಾದ ಮೇಲೆ ತಿದ್ದಲು ಏನೂ ಸಿಗದೆ ಸರ್ಕಾರವನ್ನು ತಿದ್ದಲು ಹೊರಟಿತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಎರಡು ತಿಂಗಳಿಗೆ ಉತ್ತರ ಬಂತು: ಊರೊಳಗಿನ ಮುಕ್ಕಾಲು ಕಿಲೋಮೀಟರ್ ಡಾಂಬರು ರಸ್ತೆ, ಕೊರೋನಾ ಎರಡನೇ ಅಲೆಯ ವರ್ಷ ಮುಗಿದಿದೆ, ಅಗಲ ಹದಿನೆಂಟು ಅಡಿ. ಮೇಷ್ಟ್ರು ಆ ಹಾಳೆ ಹಿಡಿದು ಬಾಗಿಲಿಗೆ ಬಂದು ರಸ್ತೆಯ ಕಡೆ ನೋಡಿದರು. ಹದಿನೆಂಟು ಅಡಿ? ಆಡು ಮಲಗಿದರೆ ಇನ್ನೊಂದು ಆಡು ದಾಟಲು ಯೋಚನೆ ಮಾಡುವಂಥ ರಸ್ತೆ!

ಎದುರು ಮನೆಯ ಟೀ ಅಂಗಡಿ ಗಿಡ್ಡಪ್ಪನನ್ನು ಕರೆದುಕೊಂಡು ಟೇಪು ಹಿಡಿದು ಹೊರಟರು. ಒಂದು ತುದಿಯನ್ನು ಗಿಡ್ಡಪ್ಪ ಈ ಕಡೆಯ ಅಡಿಕೆ ಸಿಪ್ಪೆಯ ದಿಬ್ಬಕ್ಕೆ ತಾಗಿಸಿ ಹಿಡಿದ, ಇನ್ನೊಂದನ್ನು ಮೇಷ್ಟ್ರು ಆ ಕಡೆಯದಕ್ಕೆ ತಾಗಿಸಿ ಹಿಡಿದರು. ಹನ್ನೆರಡು ಅಡಿ. ಗುಡಿ ಹತ್ತಿರ ಅಳೆದರು, ಹನ್ನೆರಡು. ಹಾಲಿನ ಡೈರಿ ಮುಂದೆ, ಹನ್ನೆರಡು. ಹನ್ನೊಂದು ಕಡೆ ಅಳೆದರು, ಒಂದು ಕಡೆ ಮಾತ್ರ ಒಂದಿಂಚು ಹೆಚ್ಚು ಬಂತು. ಅದನ್ನು ಗಿಡ್ಡಪ್ಪನ ಕೈ ನಡುಕಕ್ಕೆ ಬಿಟ್ಟರು. ಹದಿನೆಂಟರಲ್ಲಿ ಹನ್ನೆರಡು ಕಳೆದರೆ ಆರು. ಊರುದ್ದಕ್ಕೂ ಆರಡಿ ರಸ್ತೆಯನ್ನು ಯಾರೋ ತಿಂದಿದ್ದಾರೆ. ಉತ್ತರ ಬಂದ ಮೇಲೆ ತಾಳೆ ನೋಡಿ ಎಂದು ಮಕ್ಕಳಿಗೆ ದಿನಾ ಬೈಯುತ್ತಿದ್ದ ಮನುಷ್ಯ ತಾನು ಮಾತ್ರ ತಾಳೆ ನೋಡಲಿಲ್ಲ. ಉತ್ತರ ಅಷ್ಟು ಚೆನ್ನಾಗಿತ್ತು.

"ಹೊಸದರಲ್ಲಿ ಇದೇ ರಸ್ತೇಲಿ ಬಸ್ಸು, ಲಾರಿ ಎದುರಾಬದುರು ಹೋಗಿದ್ವಲ್ರೀ, ನಾನೇ ನೋಡೀನಿ" ಎಂದಳು ಕಸ್ತೂರಮ್ಮ, ಹೀರೇಕಾಯಿ ಹೆಚ್ಚುತ್ತಾ. ಮನೆ ಮುಂದಿನ ಸಿಪ್ಪೆ ದಿಬ್ಬದ ಮೇಲೆ ಅವಳು ಹಾಕಿದ ಹೀರೆ ಬಳ್ಳಿ ಆ ವರ್ಷ ಬುಟ್ಟಿಗಟ್ಟಲೆ ಬಿಟ್ಟಿತ್ತು.

"ಹೊಸತು ಯಾವುದಾದ್ರೂ ದೊಡ್ಡದಾಗೇ ಕಾಣ್ತೈತೆ ಕಣೇ. ಕಣ್ಣನ್ನ ನಂಬಬಾರದು, ಟೇಪನ್ನ ನಂಬಬೇಕು" ಎಂದರು ಮೇಷ್ಟ್ರು.

ರಸ್ತೆ ಮುಗಿದ ಹೊತ್ತಿನಲ್ಲಿ ಅವರು ಅದನ್ನು ಸರಿಯಾಗಿ ನೋಡಿರಲೂ ಇಲ್ಲ. ಕೊರೋನಾಕ್ಕೆ ಊರಿನಲ್ಲಿ ಅವರಷ್ಟು ಹೆದರಿದವರು ಇನ್ನೊಬ್ಬರಿರಲಿಲ್ಲ. ಎರಡು ತಿಂಗಳು ಕಿಟಕಿಗೂ ಸೀರೆ ಕಟ್ಟಿಸಿ ಒಳಕೋಣೆಯಲ್ಲಿ ಕಷಾಯ ಕುಡಿಯುತ್ತಾ ಕೂತಿದ್ದರು. ಕಸ್ತೂರಮ್ಮ ಮಾತ್ರ ದಿನಾ ಮಧ್ಯಾಹ್ನ ಬಾಗಿಲ ಮುಂದಿನ ಮೂರನೇ ಮೆಟ್ಟಿಲ ಮೇಲೆ ಮಜ್ಜಿಗೆ ಇಟ್ಟು ಬರುತ್ತಿದ್ದಳು, ಡಾಂಬರು ಹಾಕುವವರಿಗೆ. ಆ ಕೆಲಸ ಹಿಡಿದಿದ್ದವನು ಜಗಳೂರು ಕಡೆಯ ಸಣ್ಣ ಗುತ್ತಿಗೆದಾರ ಉಚ್ಚಂಗೆಪ್ಪ. ನಿಂತು ಮಾಡಿಸುತ್ತಿದ್ದ ಮೇಸ್ತ್ರಿ ಅವನ ತಮ್ಮ ಮಾರುತಿ.

ಚನ್ನಗಿರಿಯಲ್ಲಿ ಜನರ ಅಹವಾಲು ಕೇಳುವ ಸಭೆ ನಡೆದ ದಿನ ಊರಿನಿಂದ ಒಂದು ಟ್ರ್ಯಾಕ್ಟರ್ ಜನ ಹೋದೆವು. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿ, ಕನ್ನಡಿ ಮುಂದೆ ಮೂರು ದಿನ ಹೇಳಿಕೊಂಡ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ವೃದ್ಧಾಪ್ಯ ವೇತನ, ಕುಡಿಯುವ ನೀರು ಎಲ್ಲ ಮುಗಿದು ಅವರ ಸರದಿ ಬಂದಾಗ ಅಧಿಕಾರಿಗಳು ಆಕಳಿಸುತ್ತಿದ್ದರು. ಮೇಷ್ಟ್ರು ಮೈಕು ಹಿಡಿದರು.

"ಸ್ವಾಮಿ, ಸಿಮೆಂಟ್ ತಿಂದೋರನ್ನ ನೋಡೀವಿ, ಜಲ್ಲಿ ತಿಂದೋರನ್ನ ನೋಡೀವಿ. ಒಂದೂರಿನ ಉದ್ದಕ್ಕೂ ಆರಡಿ ರಸ್ತೆ ತಿಂದು ಬಾಯಿ ಒರೆಸಿಕೊಂಡೋನನ್ನ ನೀವು ನೋಡೀರಾ? ನಾನು ತೋರಿಸ್ತೀನಿ!"

ಚಪ್ಪಾಳೆ ಬಿತ್ತು. ಆಕಳಿಸುತ್ತಿದ್ದವರು ಬಾಯಿ ಮುಚ್ಚಿಕೊಂಡರು. ಇಪ್ಪತ್ತು ನಿಮಿಷ ಮಾತಾಡಿದರು ಮೇಷ್ಟ್ರು. ಟೇಪು ಬಿಚ್ಚಿ ತೋರಿಸಿದರು, ಹನ್ನೊಂದು ಅಳತೆಯನ್ನೂ ಓದಿದರು, ಕೊನೆಗೆ "ಇವರಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಯಾರೋ, ಪಾಪ" ಎಂದು ನಗಿಸಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾರನೇ ದಿನ ಪೇಪರಿನಲ್ಲಿ ಫೋಟೋ ಸಮೇತ ಬಂತು. ಮೇಷ್ಟ್ರು ಅದನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿ, ದೇವರ ಫೋಟೋಗಿಂತ ಒಂದು ಗೇಣು ಕೆಳಗೆ ಮೊಳೆ ಹೊಡೆದು ಹಾಕಿದರು. ಒಂದು ಗೇಣು ಕೆಳಗೆ ಹಾಕಿದ್ದು ಭಕ್ತಿಯಿಂದ.

ಹದಿನೈದು ದಿನಕ್ಕೆ ಉಚ್ಚಂಗೆಪ್ಪನೇ ಊರಿಗೆ ಬಂದ. ರಸ್ತೆ ಮುಗಿದ ಮೇಲೆ ಈ ಕಡೆ ಬಂದವನಲ್ಲ. ತೆಳ್ಳಗೆ, ಉದ್ದಕ್ಕೆ, ಮಾತಿಗಿಂತ ತಲೆಯಾಡಿಸುವುದೇ ಹೆಚ್ಚು. ಜಗಳವಾಡಲು ಬಂದಿದ್ದಾನೆಂದು ಗಿಡ್ಡಪ್ಪ ಅಂಗಡಿಯ ಬೆಂಚು ಒಳಗಿಟ್ಟುಕೊಂಡ. ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಗುಡಿಯಿಂದ ಡೈರಿ ತನಕ ರಸ್ತೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹೆಜ್ಜೆ ಹಾಕುತ್ತಾ, ಎಣಿಸುತ್ತಾ, ಬಿಸಿಲಲ್ಲಿ ನಾಲ್ಕು ಸಲ ಓಡಾಡಿದ. ಅಕ್ಕಪಕ್ಕದ ದಿಬ್ಬಗಳ ಕಡೆ ನೋಡಿದ. ಅವುಗಳ ಮೇಲೆ ಹರಳು ಗಿಡ, ಹುಲ್ಲು, ನಮ್ಮ ಕಸ್ತೂರಮ್ಮನ ಹೀರೆ ಬಳ್ಳಿ. ಅವನ ಸೀಮೆಯಲ್ಲಿ ಅಡಿಕೆ ಇಲ್ಲ, ಸಿಪ್ಪೆಯ ರಾಶಿ ಹೇಗಿರುತ್ತದೆಂದು ಅವನಿಗೇನು ಗೊತ್ತು! ತಾನು ಹಾಸಿದ ಜಲ್ಲಿಯ ಮೇಲೆ ಕೂತ ಊರ ಮಣ್ಣು ಎಂದುಕೊಂಡ. ಕೊನೆಗೆ ಮೇಷ್ಟ್ರ ಮೆಟ್ಟಿಲ ಮೇಲೆ ಕೂತು ತಲೆಗೆ ಸುತ್ತಿದ ಟವೆಲು ಬಿಚ್ಚಿದ.

"ನಿಮ್ಮ ಲೆಕ್ಕ ಸರಿ ಐತ್ರೀ ಮೇಷ್ಟ್ರೇ" ಎಂದ. "ಜಲ್ಲಿ ಹಾಸಿದ್ದು ನಾನೇ, ಹದಿನೆಂಟಡಿ ಹಾಸೀನಿ. ಡಾಂಬರು ಹಾಕೋ ಕೊನೇ ಎಂಟು ದಿನ ಕೊರೋನಾ ಆಗಿ ಆಸ್ಪತ್ರೇಲಿ ಬಿದ್ದಿದ್ದೆ. ಮಾರುತಿ ನಿಂತು ಮಾಡಿಸಿದ. ಹದಿನೆಂಟೂ ಹಾಕೀನಿ ಅಣ್ಣ ಅಂತ ನನ್ನ ಕಾಲು ಮುಟ್ಟಿ ಹೇಳಿದ್ದ."

ಕಸ್ತೂರಮ್ಮ ಮಜ್ಜಿಗೆ ತಂದಳು. ಅವನು ಕುಡಿಯದೆ ಎದ್ದು ಹೋದ.

ಆಮೇಲಿನದು ಗಿಡ್ಡಪ್ಪನ ಅಂಗಡಿಯಲ್ಲಿ ಕಿವಿಯಿಂದ ಕಿವಿಗೆ ಬಂದ ಸುದ್ದಿ. ಅಣ್ಣ ತಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದನಂತೆ. ತಮ್ಮ ಹಾಕಿದ್ದೀನಿ ಎಂದನಂತೆ. ನಾನು ಕಣ್ಣಾರೆ ನೋಡಿ ಬಂದೀನಿ ಎಂದನಂತೆ ಅಣ್ಣ. ಮಾರುತಿ ಉಟ್ಟ ಬಟ್ಟೆಯಲ್ಲೇ ಹೊರಟು ಹೊನ್ನಾಳಿಯಲ್ಲಿ ಯಾರದೋ ಕೈಕೆಳಗೆ ಗಾರೆ ಕೆಲಸಕ್ಕೆ ಸೇರಿದ್ದಾನಂತೆ. ತಾಯಿ ಕರಿಯಕ್ಕ ಇಬ್ಬರು ಮಕ್ಕಳ ಹತ್ತಿರವೂ ಮಾತು ಬಿಟ್ಟಿದ್ದಾಳಂತೆ. ಇಲಾಖೆಯ ಕಡೆಯಿಂದ ಕೊನೆಯ ತಪಾಸಣೆ ಆಗಿ ವರದಿ ಹೋದರೆ ಉಚ್ಚಂಗೆಪ್ಪನಿಗೆ ಇನ್ನು ಮುಂದೆ ಎಲ್ಲೂ ಕೆಲಸ ಸಿಗುವುದಿಲ್ಲವಂತೆ.

ಮೇಷ್ಟ್ರು ಅದನ್ನು ಕೇಳಿಸಿಕೊಂಡು ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟರು. ಆಮೇಲೆ "ನ್ಯಾಯ ಅಂದ್ರೆ ಹಂಗೇನೇ, ಸ್ವಲ್ಪ ಕಠಿಣ" ಎಂದು ತಮಗೇ ಸಮಾಧಾನ ಹೇಳಿಕೊಂಡು ಇನ್ನೊಂದು ಟೀ ಹೇಳಿದರು. ತಾವು ಹೇಳಿದ ಆ ಮಾತು ನೆನಪಾದಾಗೆಲ್ಲ ಅವರು ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹತ್ತು ತಿಂಗಳ ಮೇಲೆ ತಪಾಸಣೆಗೆ ಬಂದವಳು ಹೊಸ ಎಂಜಿನಿಯರ್ ಚೈತ್ರಶ್ರೀ. ಉಚ್ಚಂಗೆಪ್ಪನಿಗೂ ನೋಟೀಸು ಹೋಗಿತ್ತು. ಅವನು ಬಂದು ಜನರಿಂದ ದೂರಕ್ಕೆ, ಡೈರಿಯ ಗೋಡೆಗೆ ಒರಗಿ ನಿಂತ. ಊರಿಗೆ ಊರೇ ಸೇರಿತ್ತು. ಮೇಷ್ಟ್ರು ಟೇಪು ಹಿಡಿದು ಮುಂದೆ ನಿಂತಿದ್ದರು, ಮದುವೆ ಮನೆಯಲ್ಲಿ ಹೆಣ್ಣಿನ ಅಪ್ಪನ ಹಾಗೆ.

ಆ ಹುಡುಗಿ ಟೇಪನ್ನು ನೋಡಲಿಲ್ಲ. ಫೈಲಿನಿಂದ ಒಂದು ಫೋಟೋ ತೆಗೆದು ಹಿಡಿದುಕೊಂಡು ಮೇಷ್ಟ್ರ ಮನೆಯನ್ನೇ ನೋಡುತ್ತಾ ನಿಂತಳು. ಕೆಲಸ ಮುಗಿದ ದಿನ ಮಾರುತಿ ತೆಗೆದು ಇಲಾಖೆಗೆ ಕಳಿಸಿದ್ದ ಫೋಟೋ.

"ಸರ್, ಈ ಮನೆ ನಿಮ್ಮದಾ?"

"ಹೌದಮ್ಮ."

"ಮೆಟ್ಟಿಲು ಎಷ್ಟು?"

"ಮೂರು." ಮೇಷ್ಟ್ರಿಗೆ ಪ್ರಶ್ನೆ ಇಷ್ಟು ಸುಲಭವಾಗಿದ್ದು ಸ್ವಲ್ಪ ಬೇಸರವೇ ಆಯಿತು.

"ಫೋಟೋದಲ್ಲಿ ಕೆಳಗಿನ ಮೂರನೇ ಮೆಟ್ಟಿಲಿಗೆ ರಸ್ತೆ ತಾಗಿಕೊಂಡಿದೆ. ಇವತ್ತು ಮೆಟ್ಟಿಲಿಗೂ ರಸ್ತೆಗೂ ಮಧ್ಯೆ ಇದೇನು?"

"ಅದು ದಿಬ್ಬ" ಎಂದರು ಮೇಷ್ಟ್ರು. ಫೋಟೋ ಇಸಕೊಂಡು ಕನ್ನಡಕ ಸರಿಮಾಡಿ ನೋಡಿ, "ಕಂಪ್ಯೂಟರಲ್ಲಿ ಹಿಂಗೆಲ್ಲ ಮಾಡಾಕೆ ಬರ್ತೈತಮ್ಮ ಈಗ. ನಮಗೆ ಗೊತ್ತಿಲ್ಲ ಅಂದ್ಕೋಬೇಡ" ಎಂದು ಜನರ ಕಡೆ ತಿರುಗಿ ನಕ್ಕರು. ನಾವೂ ನಕ್ಕೆವು. ಅಭ್ಯಾಸ ಆಗಿಬಿಟ್ಟಿತ್ತು.

ಕಸ್ತೂರಮ್ಮ ಕುಂಟುತ್ತಾ ಬಂದು ಹೆಗಲ ಮೇಲಿಂದ ಇಣುಕಿದಳು. "ಮೆಟ್ಟಿಲ ಮೇಲೆ ನನ್ನ ಮಜ್ಜಿಗೆ ಕೊಡ ಐತಲ್ರೀ" ಎಂದಳು. "ಬಾಯಿ ಚಪ್ಪಟೆಯಾಗಿದ್ದ ಸ್ಟೀಲು ಕೊಡ. ಅದನ್ನ ಕಂಪ್ಯೂಟರಿಗೆ ಯಾರು ಕೊಟ್ರು?"

ಮೇಷ್ಟ್ರ ನಗು ಅಲ್ಲಿಗೆ ನಿಂತಿತು. ಅವರ ಕಣ್ಣು ದಿಬ್ಬದ ಮೇಲೆ ಹೋಯಿತು. ಆ ದಿಬ್ಬ ಹುಟ್ಟಿದ್ದು ಹೇಗೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು. ಊರಲ್ಲಿ ಅಡಿಕೆ ಸುಲಿಯುವ ಯಂತ್ರ ಐದಿವೆ, ಒಂದು ಮೇಷ್ಟ್ರ ಹಿತ್ತಲಲ್ಲೇ ಇದೆ. ಹೊಸ ರಸ್ತೆ ಆದ ವರ್ಷ, ಅಂಚು ಸಮತಟ್ಟಾಗಿ ಚೊಕ್ಕಟವಾಗಿದೆ ಎಂದು ಮೊದಲ ಬುಟ್ಟಿ ಸಿಪ್ಪೆ ಅಲ್ಲಿ ಸುರಿದೆವು. ಯುಗಾದಿಯೊಳಗೆ ತೋಟಕ್ಕೆ ಗೊಬ್ಬರ ಹೊಡೆದುಬಿಡುತ್ತೇವೆ ಎಂದು ಪ್ರತಿಯೊಬ್ಬರೂ ಹೇಳಿದೆವು. ಯುಗಾದಿ ನಾಲ್ಕು ಬಂದವು. ಪ್ರತಿ ವರ್ಷ ಹಳೆಯ ರಾಶಿಯ ಮುಂದೆ ಹೊಸದು, ಅದರ ಮುಂದೆ ಇನ್ನೊಂದು. ಟ್ರ್ಯಾಕ್ಟರ್ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವಲ್ಲಿಗೆ ನಿಲ್ಲಿಸುತ್ತಿದ್ದೆವು. ಒಂದು ಟ್ರ್ಯಾಕ್ಟರ್ ಧಾರಾಳವಾಗಿ ಹೋಗಲು ಹನ್ನೆರಡು ಅಡಿ ಬೇಕು. ಹನ್ನೊಂದು ಕಡೆಯೂ ಹನ್ನೆರಡೇ ಏಕೆ ಬಂತೆಂದು ಗಣಿತದ ಮೇಷ್ಟ್ರು ಒಂದು ಸಲ ಕೂಡ ಕೇಳಿಕೊಂಡಿರಲಿಲ್ಲ.

"ಜೆಸಿಬಿ ಬರುತ್ತೆ, ಅದಕ್ಕೆ ಮೊದಲು ಕೈಯಲ್ಲೇ ಒಂದು ಕಡೆ ನೋಡೋಣ" ಎಂದಳು ಚೈತ್ರಶ್ರೀ. "ಯಾರ ಮನೆ ಮುಂದೆ ಸರ್? ನೀವೇ ಹೇಳಿ."

"ಗಿಡ್ಡಪ್ಪನ..." ಎಂದು ಶುರು ಮಾಡಿದರು ಮೇಷ್ಟ್ರು.

"ಫೋಟೋ ಇರೋದು ನಮ್ಮ ಮನೇದು" ಎಂದಳು ಕಸ್ತೂರಮ್ಮ.

ಗಿಡ್ಡಪ್ಪ ಬಹಳ ಉತ್ಸಾಹದಿಂದ ಸಲಿಕೆ ತಂದ. ಹೀರೆ ಬಳ್ಳಿಯನ್ನು ಪಕ್ಕಕ್ಕೆ ಸರಿಸಿ ಅಗೆದ. ಮೇಲಿನದು ಮಣ್ಣಿನ ಹಾಗೇ ಆಗಿತ್ತು, ಕೆಳಗೆ ಕಂದು ನಾರು, ಅದರ ಕೆಳಗೆ ತೇವ, ಕೊಳೆತ ವಾಸನೆ. ಎರಡಡಿ ಇಳಿದ ಮೇಲೆ ಸಲಿಕೆ ಠಣ್ ಎಂದಿತು. ಗಿಡ್ಡಪ್ಪ ಕೈಯಿಂದ ಸಿಪ್ಪೆ ಬಾಚಿದ, ಒಂದು ಕೊಡ ನೀರು ಹುಯ್ದ.

ಡಾಂಬರು. ಕಪ್ಪಗೆ, ನುಣ್ಣಗೆ, ಇವತ್ತು ಬೆಳಿಗ್ಗೆ ಹಾಕಿದ ಹಾಗೆ. ಮೆಟ್ಟಿಲ ಬುಡದವರೆಗೂ ಬಂದಿತ್ತು. ಅಂಚಿನಲ್ಲಿ ಬಿಳಿ ಗೆರೆ. ನಾಲ್ಕು ವರ್ಷ ಚಕ್ರ ತಾಗಿಲ್ಲ, ಬಿಸಿಲು ತಾಗಿಲ್ಲ. ಇಡೀ ತಾಲ್ಲೂಕಿನಲ್ಲಿ ಗುಂಡಿಯಿಲ್ಲದ ರಸ್ತೆ ಒಂದೇ ಒಂದು ಉಳಿದಿದ್ದರೆ ಅದು ಸಿದ್ಧನಕಟ್ಟೆಯ ಸಿಪ್ಪೆಯ ಕೆಳಗೆ ಉಳಿದಿತ್ತು.

ಆಮೇಲೆ ಶುರುವಾಯಿತು. "ನಂದು ಸಣ್ಣ ರಾಶಿ ಮೇಡಂ, ಮೂರಡೀನೂ ಇಲ್ಲ" ಎಂದ ಒಬ್ಬ. "ನಮ್ಮದು ಅಲ್ಲೇ ಅಲ್ಲ, ಪಕ್ಕದವರದ್ದು ಗಾಳಿಗೆ ಬಂದಿದ್ದು" ಎಂದ ಇನ್ನೊಬ್ಬ. ಸಿಪ್ಪೆ ಗಾಳಿಗೆ ಹಾರಿ ಬಂದು ಮಂಡಿಮಟ್ಟ ರಾಶಿಯಾದದ್ದನ್ನು ಆ ಹುಡುಗಿ ಕೂಡ ಶ್ರದ್ಧೆಯಿಂದ ಬರೆದುಕೊಂಡಳು. "ಎಲ್ಲರಿಗಿಂತ ದೊಡ್ಡದು ಮೇಷ್ಟ್ರುದೇ" ಎಂದು ಗಿಡ್ಡಪ್ಪ ಸಲಿಕೆ ಊರಿಕೊಂಡು ಹೇಳಿದ. ಅದು ಸುಳ್ಳಲ್ಲ. ಎರಡೂ ಕಡೆ ಮೂರು ಮೂರಡಿ ಎಲ್ಲರೂ ಹಂಚಿಕೊಂಡಿದ್ದರೂ, ಹಿತ್ತಲಲ್ಲೇ ಯಂತ್ರವಿದ್ದ ಮೇಷ್ಟ್ರ ರಾಶಿ ಎಲ್ಲರದಕ್ಕಿಂತ ಉದ್ದಕ್ಕಿತ್ತು.

ಮೇಷ್ಟ್ರು ಟೇಪನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ಎಲ್ಲಾದರೂ ಹೋಗಿ ಬಚ್ಚಿಟ್ಟುಕೊಳ್ಳೋಣವೆಂದರೆ ಒಳಕೋಣೆಯ ಕಿಟಕಿಗೆ ಈಗ ಸೀರೆಯೂ ಇರಲಿಲ್ಲ. ಗೋಡೆಯ ಮೇಲಿದ್ದ ಪೇಪರಿನ ಫೋಟೋ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಅದರಲ್ಲಿ ಅವರು ಕೈ ಎತ್ತಿ ಯಾರಿಗೋ ಬೈಯುತ್ತಿದ್ದರು.

ಆಗ ಉಚ್ಚಂಗೆಪ್ಪ ಜನರ ನಡುವಿನಿಂದ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಗುಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತಲೆಯ ಟವೆಲು ತೆಗೆದು ಡಾಂಬರಿನ ಮೇಲಿನ ಕೆಸರು ಒರೆಸಿದ. ಬಿಳಿ ಗೆರೆಯ ಮೇಲೆ ಬೆರಳು ಇಟ್ಟು ಆ ತುದಿಯಿಂದ ಈ ತುದಿಗೆ ಎಳೆದ.

"ದಾರ ಕಟ್ಟಿ ಎಳೆದಾನೆ" ಎಂದ. "ನಾನು ಇದ್ದಿದ್ರೆ ಕಣ್ಣಂದಾಜಲ್ಲೇ ಎಳೆಯಾಕೆ ಹೇಳ್ತಿದ್ದೆ. ದಾರ ಕಟ್ಟಿ ಎಳೆದಾನೆ ನೋಡ್ರಿ, ಒಂದಿಂಚು ಆಚೀಚೆ ಆಗಿಲ್ಲ."

ಜೇಬಿನಿಂದ ಫೋನು ತೆಗೆದ. ತಮ್ಮನಿಗೆ ಹಚ್ಚಿದ. ಆ ಕಡೆ ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಹಚ್ಚಿದ, ಈ ಸಲ ಎರಡೇ ರಿಂಗಿಗೆ ಆ ಕಡೆಯಿಂದ ಕತ್ತರಿಸಿದರು. ಮೂರನೇ ಸಲ ಫೋನು ಹಿಡಿದ ಕೈ ಹಾಗೇ ತೊಡೆಯ ಮೇಲೆ ಬಿತ್ತು. "ಹತ್ತು ತಿಂಗಳಿಂದ ಎತ್ತಿಲ್ಲ. ಇವತ್ಯಾಕೆ ಎತ್ತುತಾನೆ" ಎಂದ, ಯಾರಿಗೂ ಅಲ್ಲದ ಹಾಗೆ.

ಕಸ್ತೂರಮ್ಮ ಒಳಗೆ ಹೋಗಿ ಮೇಷ್ಟ್ರ ಫೋನು ತಂದು ಅವರ ಕೈಯಲ್ಲಿಟ್ಟಳು. "ನೀವು ಮಾಡ್ರಿ."

"ನಾನಾ? ನಾನು ಏನಂತ..."

"ಚನ್ನಗಿರೀಲಿ ಇಪ್ಪತ್ತು ನಿಮಿಷ ಮಾತಾಡಿದ್ರಲ್ಲ. ಈಗ ಎರಡು ನಿಮಿಷ ಮಾತಾಡ್ರಿ."

ಉಚ್ಚಂಗೆಪ್ಪ ನಂಬರು ಹೇಳಿದ. ಮೇಷ್ಟ್ರು ಒತ್ತಿದರು. ಬೆರಳು ಎರಡು ಸಲ ತಪ್ಪಿತು. ಊರೆಲ್ಲ ನೋಡುತ್ತಿತ್ತು. ಎಂಜಿನಿಯರ್ ಹುಡುಗಿ ಮಾತ್ರ ಮರ್ಯಾದೆಯಿಂದ ಫೈಲಿನೊಳಗೆ ತಲೆ ತಗ್ಗಿಸಿದ್ದಳು.

"ಹಲೋ, ಯಾರ್ರೀ?" ಹಿಂದುಗಡೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು.

"ನಾನಪ್ಪ. ಸಿದ್ಧನಕಟ್ಟೆ ಪಂಚಾಕ್ಷರಪ್ಪ. ಮೇಷ್ಟ್ರು."

ಯಂತ್ರ ತಿರುಗುತ್ತಲೇ ಇತ್ತು.

"ಮಾರುತಿ, ನಿನ್ನ ಆರಡಿ ರಸ್ತೆ ಸಿಕ್ತಪ್ಪ. ಪೂರ್ತಿ ಸಿಕ್ತು. ಬಿಳಿ ಗೆರೆ ಸಮೇತ."

ಯಂತ್ರದ ಸದ್ದು ನಿಂತಿತು. "ಎಲ್ಲಿ ಸಿಕ್ತ್ರೀ?" ಎಂದ.

ಮೇಷ್ಟ್ರು ಬಾಯಿ ತೆರೆದರು. ನಾಲ್ಕು ವರ್ಷದ ಯುಗಾದಿ, ಐದು ಯಂತ್ರ, ಊರಿನವರ ರಾಶಿ, ಹೇಳಲು ಬೇಕಾದಷ್ಟಿತ್ತು. ಊರಿನವರು ಎಂದು ಶುರು ಮಾಡಿದ್ದರೆ ಅದೂ ನಿಜವೇ ಆಗುತ್ತಿತ್ತು.

"ನಮ್ಮ ಮನೆ ಮುಂದೆ" ಎಂದರು. "ನಾನೇ ಮುಚ್ಚಿದ್ದೆ."

ಮುಂದಿನ ಮಾತು ಕನ್ನಡಿ ಮುಂದೆ ಹೇಳಿಕೊಂಡು ಬಂದದ್ದಾಗಿರಲಿಲ್ಲ, ಹಾಗಾಗಿ ಬರಲಿಲ್ಲ. ಆ ಕಡೆಯವನೇ ಕೇಳಿದ, "ನಮ್ಮಣ್ಣ ಅಲ್ಲಿದಾನಾ?"

ಮೇಷ್ಟ್ರು ಫೋನು ಚಾಚಿದರು. ಉಚ್ಚಂಗೆಪ್ಪ ಅದನ್ನು ಕಿವಿಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಮೇಲೆ ಕೆಳಗೆ ಆಗುತ್ತಿತ್ತು. ಕೊನೆಗೆ ಒಂದೇ ಮಾತು ಕೇಳಿದ.

"ಉಂಡ್ಯೇನೋ?"

ಪಂಚಾಕ್ಷರಪ್ಪ ಮೇಷ್ಟ್ರು ಟೇಪನ್ನು ಮೆಟ್ಟಿಲ ಮೇಲಿಟ್ಟು, ಇಸ್ತ್ರಿ ಅಂಗಿಯ ತೋಳು ಮಡಚಿ, ಗಿಡ್ಡಪ್ಪನ ಕೈಯಿಂದ ಸಲಿಕೆ ಇಸಕೊಂಡರು. ಹೀರೆ ಬಳ್ಳಿಯ ಬುಡ ನೋಡಿ ಒಂದು ಗಳಿಗೆ ಕೈ ತಡೆಯಿತು. ಹೆಂಡತಿಯ ಮುಖ ನೋಡಿದರು.

"ನೋಡೋದೇನು, ಕೀಳ್ರಿ" ಎಂದಳು ಕಸ್ತೂರಮ್ಮ.